ಮಾತಿನ ಸಾಲಿ ಯಾಕೆ?

ಹೋದ ವಾರ ಮಣ್ಣೂರಿನಿಂದ ರೈತಕೂಲಿ ಗೆಳೆಯರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಸಂಗಡ ಅವರ ಮಗಳೂ ಇದ್ದಳು. ಅಫಜಲಪುರದಲ್ಲಿ ಬಿ.ಎ. ಮುಗಿಸಿದ ಹುಡುಗಿ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನದ ಎಂ.ಎ. ಓದಬೇಕೆಂದು ಹಟ ಹಿಡಿದಿದ್ದಾಳೆ. ಪ್ರವೇಶ ಪರೀಕ್ಷೆಯ ಅರ್ಜಿ ತುಂಬಲು ಯಾರಾದರೂ ನೆರವಾದಾರೇ ಎಂದು ಕೇಳಲು ಬಂದವರು. ಮಗಳು ಕಾಗದಗಳನ್ನು ತೆಗೆದು ತೋರಿಸುತ್ತಿದ್ದಾಗ ತಂದೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಕೊನೆಗೆ ತಡೆಯಲಾರದೆ ಕೇಳಿದರು: "ಇಕಿ ಎರಡ ವರ್ಸದಕಿ ಇದ್ದಾಗೇ ಮಾತ ಕಲ್ತಾಳ್ರೀ. ಮತ್ತ ಮಾತಿನ ಸಾಲಿಗಿ ಯಾಕ ಹೋಗ್ಬೇಕ್ರೀ?"

ಕಚೇರಿಯಲ್ಲಿದ್ದವರೆಲ್ಲ ನಕ್ಕೆವು. ಹುಡುಗಿ ತಲೆ ತಗ್ಗಿಸಿದಳು. ಅವರು ಬಸ್ಸು ಹಿಡಿದು ಹೋದ ಮೇಲೆ ನಮ್ಮ ನಗೆಯೇ ನಮ್ಮನ್ನು ಚುಚ್ಚತೊಡಗಿತು. ಏಕೆಂದರೆ ಆ ಪ್ರಶ್ನೆಗೆ ನಮ್ಮಲ್ಲಿ ಯಾರೂ ನೆಟ್ಟಗೆ ಉತ್ತರ ಕೊಟ್ಟಿರಲಿಲ್ಲ.

ಪ್ರಶ್ನೆ ನಗುವಂಥದಲ್ಲ. ವರ್ಷದಲ್ಲಿ ಕೆಲ ತಿಂಗಳು ತೊಗರಿಯ ಹೊಲದಲ್ಲಿಯೂ ಉಳಿದ ತಿಂಗಳು ಪುಣೆ ಮುಂಬಯಿಗಳ ಕಟ್ಟಡದ ಕೆಲಸದಲ್ಲಿಯೂ ಬೆವರು ಸುರಿಸುವ ಮನುಷ್ಯ, ಮಗಳ ಎರಡು ವರ್ಷದ ದುಡಿಮೆಯನ್ನು ಬಿಟ್ಟುಕೊಡುವ ಮೊದಲು ಅದರಿಂದ ಏನು ಬಂದೀತೆಂದು ಕೇಳುವದು ನ್ಯಾಯವೇ ಆಗಿದೆ. ವಿಶ್ವವಿದ್ಯಾಲಯಗಳು ನಡೆಯುವದು ಇಂಥವರು ಕೊಳ್ಳುವ ಸಾಬೂನು, ಎಣ್ಣೆ, ಚಪ್ಪಲಿಗಳ ಮೇಲಿನ ತೆರಿಗೆಯಿಂದ. ತಾನು ಹಣ ಕೊಡುವ ಸಾಲೆಯಲ್ಲಿ ಏನು ಕಲಿಸುತ್ತಾರೆಂದು ಕೇಳುವ ಅಧಿಕಾರ ಅವನಿಗೆ ಇಲ್ಲದಿದ್ದರೆ ಇನ್ನಾರಿಗಿದೆ? ಆದುದರಿಂದ ಈ ವಾರ ನಮ್ಮ ಪತ್ರಿಕೆಯ ಈ ಅಂಕಣವನ್ನು ಆ ಗೆಳೆಯರ ಪ್ರಶ್ನೆಗೇ ಮೀಸಲಿಟ್ಟಿದ್ದೇವೆ.

ಮೊದಲು, ಮಾತಿನ ಸಾಲಿಯಲ್ಲಿ ಕಲಿಸುವದೇನು? ದೂರದ ಉದಾಹರಣೆ ಬೇಡ, ಮಣ್ಣೂರಿನದನ್ನೇ ನೋಡೋಣ. ಅಲ್ಲಿಯ ಮಗು ಮನೆಗೆ 'ಮನಿ' ಎನ್ನುತ್ತದೆ, ಹೊಳೆಗೆ 'ಹೊಳಿ', ಎಲೆಗೆ 'ಎಲಿ', ಶಾಲೆಗೆ 'ಸಾಲಿ'. ಸಾಲಿಗೆ ಬಂದ ಮೊದಲ ದಿನವೇ ಅದು ತಪ್ಪೆಂದು ಹೇಳಿಸಿಕೊಳ್ಳುತ್ತದೆ. ತನ್ನ ಅವ್ವ ಮಾತಾಡುವದು ತಪ್ಪು, ಅಜ್ಜಿ ಹಾಡುವದು ತಪ್ಪು, ಪುಸ್ತಕದಲ್ಲಿದ್ದುದು ಮಾತ್ರ ಸರಿ ಎಂಬ ತಿಳುವಳಿಕೆಯನ್ನು ಅದು ಅಕ್ಷರಮಾಲೆಯ ಜೊತೆಗೇ ಕಲಿಯುತ್ತದೆ. ಮುಂದೆ ಧಾರವಾಡಕ್ಕೋ ಬೆಂಗಳೂರಿಗೋ ಹೋದಾಗ ಬಾಯಿ ತೆರೆಯಲು ಅಂಜುವ ನೂರಾರು ಹುಡುಗರನ್ನು ನಾವು ಬಲ್ಲೆವು. ಅವರ ಅಂಜಿಕೆಯ ಬೀಜ ಬಿದ್ದುದು ಇಲ್ಲಿಯೇ.

ಭಾಷಾವಿಜ್ಞಾನದ ವಿದ್ಯಾರ್ಥಿ ಇದೇ 'ತಪ್ಪ'ನ್ನು ಕೈಗೆತ್ತಿಕೊಂಡು ಬೇರೆ ರೀತಿಯಲ್ಲಿ ನೋಡುತ್ತಾನೆ. 'ಬೆಳೆ' ಎಂಬ ಮಾತಿನಲ್ಲಿ ಎರಡು ಎಕಾರಗಳಿವೆ. ಮಣ್ಣೂರಿನ ಬಾಯಲ್ಲಿ ಕೊನೆಯ ಎಕಾರ ಮಾತ್ರ ಇಕಾರವಾಗಿ 'ಬೆಳಿ' ಆಗುತ್ತದೆ. ಮೊದಲಿನದು ಅಲುಗುವದಿಲ್ಲ. ಅದೂ ಬದಲಾಗಿದ್ದರೆ 'ಬಿಳಿ' ಆಗುತ್ತಿತ್ತು, ಅದು ಬೇರೆಯೇ ಅರ್ಥದ ಮಾತು. 'ಮನಿಗಿ, ಊರಿಗಿ' ಎನ್ನುವ ಜನರೇ 'ನನಗ, ನಿನಗ' ಎನ್ನುತ್ತಾರೆ: ಹಿಂದೆ ಇಕಾರವಿದ್ದರೆ 'ಗಿ', ಅಕಾರವಿದ್ದರೆ 'ಗ'. ಸಾಲೆಯ ಕಟ್ಟೆ ಹತ್ತದ ಮುದುಕಿ ಕೂಡ ಇದರಲ್ಲಿ ಎಡವುವದಿಲ್ಲ. ಇದನ್ನು ಅವಳಿಗೆ ಯಾವ ಪಂಡಿತರೂ ಹೇಳಿಕೊಟ್ಟಿಲ್ಲ; ಆದರೂ ಅವಳ ಮಾತಿಗೆ ಪಾಣಿನಿಯ ಸಂಸ್ಕೃತದಷ್ಟೇ, ಕೇಶಿರಾಜನ ಹಳಗನ್ನಡದಷ್ಟೇ ನಿಯಮವಿದೆ. ಕಲಿಯದವನ ಮಾತಿನಲ್ಲಿಯೂ ಕಟ್ಟಳೆಯಿದೆ ಎಂದು ಸಾಕ್ಷಿ ಸಹಿತ ತೋರಿಸುವ ವಿದ್ಯೆ ಇದು. ಸಮತೆಯ ಮೇಲೆ ನಂಬುಗೆಯುಳ್ಳವರಿಗೆ ಇದಕ್ಕಿಂತ ಹತ್ತಿರದ ವಿದ್ಯೆ ಯಾವದು?

ಅಷ್ಟೇ ಅಲ್ಲ, ಮಾತಿನಲ್ಲಿ ಇತಿಹಾಸ ಅಡಗಿದೆ. ಹೊಲ, ಎತ್ತು, ಬಿತ್ತು, ಕೊಯ್ಯು, ಇವು ಕನ್ನಡದ ಸ್ವಂತ ಮಾತುಗಳು. ಅರ್ಜಿ, ಹಾಜರಿ, ವಕೀಲ, ಜಮೀನು, ತಹಶೀಲದಾರ, ದವಾಖಾನಿ, ಇವು ಪಾರಸಿ ಅರಬ್ಬೀ ಮೂಲದಿಂದ ಆಳುವವರ ಭಾಷೆಯ ಮೂಲಕ ಬಂದವು. ದುಡಿಯುವ ಕೈಯ ಮಾತು ಒಂದು ಕಡೆ, ದುಡಿದವನು ಕೈಕಟ್ಟಿ ನಿಲ್ಲಬೇಕಾದ ಜಾಗದ ಮಾತು ಇನ್ನೊಂದು ಕಡೆ. ಇಂದು ಆ ಎರಡನೆಯ ಜಾಗದಲ್ಲಿ ಇಂಗ್ಲಿಷು ಬಂದು ಕುಳಿತಿದೆ. ಯಾರ ಮಾತು ಯಾವ ಜಾಗದಲ್ಲಿ ಸಲ್ಲುತ್ತದೆ ಎಂಬುದನ್ನು ನೋಡಿದರೆ ಯಾರು ಯಾರನ್ನು ಆಳುತ್ತಿದ್ದಾರೆಂಬುದು ತಿಳಿಯುತ್ತದೆ. ನಮ್ಮ ದೇಶದ ಆಳುವ ವರ್ಗಕ್ಕೆ ಮೇಲುಜಾತಿ, ಹಣ, ಇಂಗ್ಲಿಷ್ ವಿದ್ಯೆ ಎಂಬ ಮೂರು ಗುರುತುಗಳಿವೆಯೆಂದು ಲೋಹಿಯಾ ಅವರು ಹೇಳುತ್ತಿದ್ದುದು ಈ ಅರ್ಥದಲ್ಲಿಯೇ.

ಇನ್ನು, ನಮ್ಮ ಈ ಮಾತನ್ನು ಇದುವರೆಗೆ ಯಾರು ಅಭ್ಯಸಿಸಿದ್ದಾರೆ? ಈ ಕಥೆಯನ್ನು ನಮ್ಮ ವಾಚಕರು ತಿಳಿದುಕೊಳ್ಳಬೇಕು.

ಬ್ರಿಟಿಷ್ ಅಧಿಕಾರಿ ಗ್ರಿಯರ್ಸನ್ನನು ಭಾರತದ ಭಾಷೆಗಳ ದೊಡ್ಡ ಸಮೀಕ್ಷೆಯನ್ನು ನಡೆಸಿದನು. ಅದರ ಸಂಪುಟಗಳು 1903ರಿಂದ 1928ರವರೆಗೆ ಹೊರಬಂದವು. ಆದರೆ ಆ ಸಮೀಕ್ಷೆಯಲ್ಲಿ ಮದ್ರಾಸು, ಮೈಸೂರು, ಹೈದರಾಬಾದುಗಳನ್ನು ಕೈಬಿಡಲಾಗಿತ್ತು. ಆಳಂದ, ಅಫಜಲಪುರ, ಜೇವರ್ಗಿಗಳು ನಿಜಾಮನ ಸೀಮೆಯಲ್ಲಿದ್ದವು. ಭೀಮೆಯ ಆಚೆಯ ಇಂಡಿ ತಾಲೂಕು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಯಲ್ಲಿತ್ತು. ಹೀಗಾಗಿ ಹೊಳೆಯ ಆ ದಂಡೆ ಸಮೀಕ್ಷೆಯ ಸೀಮೆಯೊಳಗೆ ಬಂದಿತು, ಈ ದಂಡೆ ಹೊರಗುಳಿಯಿತು. ಈಚೆಯವರು ಆಚೆಗೆ ಹೆಣ್ಣು ಕೊಡುತ್ತಿದ್ದರು, ಆಚೆಯವರು ಈಚೆಯ ಜಾತ್ರೆಗೆ ಬರುತ್ತಿದ್ದರು. ಅವರ ಮಾತಿಗೆ ಹೊಳೆ ಅಡ್ಡ ಬಂದಿರಲಿಲ್ಲ, ರಾಜರ ಗಡಿ ಮಾತ್ರ ಅಡ್ಡ ಬಂದಿತು.

ನಿಜಾಮನ ಕಾಲದಲ್ಲಿ 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾಯಿತು. ಉನ್ನತ ಶಿಕ್ಷಣವನ್ನು ಇಂಗ್ಲಿಷಿನಿಂದ ಬಿಡಿಸಿ ದೇಶಭಾಷೆಯೊಂದರಲ್ಲಿ ಕೊಟ್ಟ ಕೀರ್ತಿ ಅದಕ್ಕೆ ಸಲ್ಲಬೇಕು. ಆ ಕೀರ್ತಿಯನ್ನು ನಾವು ಕಡಿಮೆ ಮಾಡಲಾರೆವು. ಆದರೆ ಆ ದೇಶಭಾಷೆ ಉರ್ದು ಆಗಿತ್ತು. ರಾಜ್ಯದ ಬಹುಸಂಖ್ಯಾತ ಜನರ ತೆಲುಗು, ಮರಾಠಿ, ಕನ್ನಡಗಳು ಬಾಗಿಲಾಚೆಯೇ ನಿಂತವು. ಕನ್ನಡದ ಹುಡುಗನಿಗೆ ಮನೆಯಲ್ಲೊಂದು ಭಾಷೆ, ಸಾಲೆಯಲ್ಲೊಂದು ಭಾಷೆ. ಇಂಥ ಕಾಲದಲ್ಲಿ 1907ರಷ್ಟು ಹಿಂದೆಯೇ ಕಲಬುರಗಿಯಲ್ಲಿ ನೂತನ ವಿದ್ಯಾಲಯವನ್ನು ಕಟ್ಟಿದವರ ಧೈರ್ಯವನ್ನು ನೆನೆಯದೆ ಇರಲಾಗದು. 1948ರಲ್ಲಿ ನಿಜಾಮನ ಆಳಿಕೆ ಮುಗಿಯಿತು. 1956ರಲ್ಲಿ ಕನ್ನಡ ನಾಡು ಒಂದಾಯಿತು. ಆಡಳಿತ ಕನ್ನಡದಲ್ಲಿ ನಡೆಯಬೇಕೆಂಬ ಕಾಯಿದೆ 1963ರಲ್ಲಿ ಬಂದಿತು. ಕಲಬುರಗಿಗೆ ಮಾತ್ರ ಸ್ವಂತ ವಿಶ್ವವಿದ್ಯಾಲಯ ಬರಲು 1980ರವರೆಗೆ ಕಾಯಬೇಕಾಯಿತು. ಅದಕ್ಕೂ ಮೊದಲು ಇಲ್ಲಿದ್ದುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಮಾತ್ರ.

ನಾವು ಕಾಯುತ್ತಿದ್ದ ಈ ಅವಧಿಯಲ್ಲಿಯೇ ನಮ್ಮ ಮಾತು ನಮಗಿಂತ ಮೊದಲು ವಿಶ್ವವಿದ್ಯೆಯ ಜಗತ್ತನ್ನು ಸೇರಿತ್ತೆಂಬುದು ಸೋಜಿಗದ ಸಂಗತಿ. ಪುಣೆಯ ಡೆಕ್ಕನ್ ಕಾಲೇಜಿನವರು ಕನ್ನಡದ ಉಪಭಾಷೆಗಳ ಮೇಲೆ ಒಂದೊಂದೇ ಪುಸ್ತಕ ಪ್ರಕಟಿಸುತ್ತ ಬಂದರು. ಯು. ಪಿ. ಉಪಾಧ್ಯಾಯರು ನಂಜನಗೂಡಿನ ಕನ್ನಡದ ಮೇಲೆ ಬರೆದರು, ಆರ್. ಮಹದೇವನ್ ಅವರು ಗುಲಬರ್ಗಾ ಕನ್ನಡದ ಧ್ವನಿಗಳನ್ನೂ ಶಬ್ದಗಳನ್ನೂ ಕುರಿತು ಬರೆದರು. ಎರಡೂ 1968ರಲ್ಲಿ ಅಚ್ಚಾದವು, ಎರಡೂ ಇಂಗ್ಲಿಷಿನಲ್ಲಿ. ನಮ್ಮ ಜಿಲ್ಲೆಯ ಮಾತನ್ನು ಕುರಿತ ಪುಸ್ತಕವನ್ನು ನಮ್ಮ ಜಿಲ್ಲೆಯ ರೈತನು ಓದಲಾರ. ಅವನ ಮಗ ಪುಣೆಗೆ ಹೋಗಿದ್ದರೆ ಅದು ಓದುವದಕ್ಕಲ್ಲ, ಇಟ್ಟಿಗೆ ಹೊರುವದಕ್ಕೆ.

ಮೂರು ವರ್ಷಗಳ ನಂತರ, 1971ರಲ್ಲಿ, ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಇಬ್ಬರು ವಿದ್ವಾಂಸರು ಒಂದು ಪ್ರಬಂಧ ಪ್ರಕಟಿಸಿದರು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡವೆಂಬ ಗಡಿ ಹಳ್ಳಿಯನ್ನು ಕುರಿತದ್ದು. ಅಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಮಾತಾಡುವ ಜನ ತಲೆಮಾರುಗಳಿಂದ ಕೂಡಿ ಬಾಳುತ್ತಿದ್ದರು. ಮನೆಯೊಳಗೆ ಅವರವರ ಮಾತು, ಹೊರಗೆ ಎಲ್ಲರ ಮಾತು. ಹೀಗೆ ಬಾಳುತ್ತ ಬಾಳುತ್ತ ಶಬ್ದಗಳು ಬೇರೆ ಬೇರೆಯಾಗಿಯೇ ಉಳಿದರೂ ವಾಕ್ಯದ ಕಟ್ಟು ಬಹುಮಟ್ಟಿಗೆ ಒಂದೇ ಆಗಿಬಿಟ್ಟಿತ್ತು; ಉರ್ದುವಿನ ವಾಕ್ಯವನ್ನು ಶಬ್ದಕ್ಕೆ ಶಬ್ದವಿಟ್ಟು ಕನ್ನಡ ಮಾಡಬಹುದಾಗಿತ್ತು. ಈ ಹಳ್ಳಿಯ ಹೆಸರನ್ನು ಇಂದು ಲೋಕದ ಎಲ್ಲೆಡೆ ಭಾಷಾವಿಜ್ಞಾನದ ವಿದ್ಯಾರ್ಥಿಗಳು ಓದುತ್ತಾರೆ. ಧರ್ಮ ಬೇರೆ, ಜಾತಿ ಬೇರೆ, ಭಾಷೆ ಬೇರೆ ಆದವರು ಪರಸ್ಪರರ ಮಾತನ್ನು ಬಡಿದು ಓಡಿಸದೆ ಹೇಗೆ ಒಂದಾಗುತ್ತಾರೆ ಎಂಬುದಕ್ಕೆ ಒಂದು ಗಡಿ ಹಳ್ಳಿ ಲೋಕಕ್ಕೆ ಪಾಠವಾಯಿತು. ಅಫಜಲಪುರ ಆಳಂದಗಳ ಗಡಿ ಹಳ್ಳಿಗಳು ಕುಪವಾಡಕ್ಕಿಂತ ಯಾವದರಲ್ಲಿ ಕಡಿಮೆ? ಮಣ್ಣೂರ ಯಲ್ಲಮ್ಮನ ಜಾತ್ರೆಯಲ್ಲಿ ಅರ್ಧ ತಾಸು ಕಿವಿಗೊಟ್ಟು ನಿಂತರೆ ಇಂಥ ಪ್ರಬಂಧಕ್ಕೆ ಬೇಕಾದಷ್ಟು ಸಾಮಗ್ರಿ ಸಿಕ್ಕೀತು. ಕಿವಿಗೊಡಲು ಕಲಿತವರು ಮಾತ್ರ ಬೇಕು.

ಹಾಗೆ ಕಿವಿಗೊಡುವದು ನಮ್ಮ ನೆಲಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ನಮ್ಮ ಸೇಡಂ ತಾಲೂಕಿನ ಮಳಖೇಡದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಕವಿರಾಜಮಾರ್ಗ ಹುಟ್ಟಿತು. ನಮಗೆ ದೊರೆತ ಕನ್ನಡದ ಮೊದಲ ಗ್ರಂಥವೇ ಅದು; ಮತ್ತು ಅದರೊಳಗೇ ಕನ್ನಡವೆಂಬುದು ಒಂದಲ್ಲ, ಹಲವು ಎಂಬ ವಿಚಾರ ಬಂದಿದೆ. ಇತ್ತೀಚಿನದಕ್ಕೆ ಬಂದರೆ, ಭೀಮೆಯ ಆಚೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಬೀಸುವ ಕುಟ್ಟುವ ಹೆಂಗಸರ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದರು. ಅವರ ಹಿಂದೆ ವಿಶ್ವವಿದ್ಯಾಲಯದ ವಿಭಾಗವಿರಲಿಲ್ಲ, ಸರಕಾರದ ಅನುದಾನವಿರಲಿಲ್ಲ. ತಮ್ಮ ಓಣಿಯ ತಾಯಂದಿರ ಹಾಡು ಪುಸ್ತಕಕ್ಕೆ ತಕ್ಕದ್ದೆಂಬ ನಂಬುಗೆಯೊಂದಿತ್ತು. ಆ ನಂಬುಗೆ ಕನ್ನಡ ಸಾಹಿತ್ಯದ ಅಭ್ಯಾಸದ ಎಲ್ಲೆಯನ್ನೇ ಹಿಗ್ಗಿಸಿತು.

ಸಾಹಿತ್ಯದ ಓದಿಗೂ ಇದೇ ಮಾತು ಸಲ್ಲುತ್ತದೆ. ಜೇವರ್ಗಿಯ ಕಡೆಯ ಕಡಕೋಳದ ಮಡಿವಾಳಪ್ಪನವರ ತತ್ವಪದಗಳು ಬಹಳ ಕಾಲ ಏಕತಾರಿಯ ಮೇಲೆಯೇ ಬದುಕಿದವು. ಅವುಗಳನ್ನು ಉಳಿಸಿದವರು ಹಗಲು ಕೂಲಿ ಮಾಡಿ ರಾತ್ರಿ ಭಜನೆಗೆ ಕೂಡುವವರು. ಅವರಿಗೆ ಸಾಹಿತ್ಯ ಗೊತ್ತಿಲ್ಲವೆಂದು ಯಾರು ಹೇಳಬಲ್ಲರು? ಇನ್ನು ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನ ಕಾರ್ಮಿಕನ ಮಗಳಾದ ಗೀತಾ ನಾಗಭೂಷಣ ಅವರು ಓದಿದರು, ಕಾಲೇಜಿನಲ್ಲಿ ಕಲಿಸಿದರು, ಈ ಸೀಮೆಯ ಬಡ ಹೆಂಗಸರ ಬಾಳನ್ನು ಈ ಸೀಮೆಯ ಮಾತಿನಲ್ಲಿಯೇ ಕಾದಂಬರಿ ಮಾಡಿದರು. ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕನ್ನಡದ ಲೇಖಕಿಯೊಬ್ಬರಿಗೆ ಆ ಪ್ರಶಸ್ತಿ ಬಂದುದು ಅದೇ ಮೊದಲು. ಮಿಲ್ಲಿನ ಭೋಂಗಾ ಕೇಳುತ್ತ ಬೆಳೆದ ಹುಡುಗಿಗೆ ಓದಿನ ಬಾಗಿಲು ತೆರೆದುದರಿಂದ ನಾಡಿಗೆ ಏನು ಬಂದಿತೆಂದು ಕೇಳುವವರಿಗೆ ಇದು ಉತ್ತರ.

ಇಷ್ಟಾದರೂ ಮಣ್ಣೂರಿನ ಗೆಳೆಯರು ಸುಮ್ಮನಾಗಲಾರರು, ಸುಮ್ಮನಾಗಲೂಬಾರದು. "ರೊಟ್ಟಿ ಎಲ್ಲಿಂದ ಬರ್ತದ್ರೀ?" ಎಂದು ಅವರು ಕೇಳಿಯೇ ಕೇಳುತ್ತಾರೆ.

ಇದಕ್ಕೆ ನಾವು ಪ್ರಾಮಾಣಿಕವಾಗಿ ಉತ್ತರಿಸಬೇಕು. ಭಾಷೆ ಸಾಹಿತ್ಯಗಳನ್ನು ಓದಿದವರಿಗೆ ಕೆಲಸವೇ ಇಲ್ಲವೆಂಬುದು ಸುಳ್ಳು. ಸಾಲೆ ಕಾಲೇಜುಗಳ ಶಿಕ್ಷಕರು, ಅನುವಾದಕರು, ನಿಘಂಟುಕಾರರು, ಪತ್ರಿಕೆಗಳವರು ಇದ್ದೇ ಇದ್ದಾರೆ. 1969ರಿಂದ ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನವಿದೆ. ಇತ್ತೀಚೆಗೆ ಇನ್ನೊಂದು ಹೊಸ ಹೊಲ ತೆರೆದಿದೆ. ಯಂತ್ರಗಳಿಗೆ ಮನುಷ್ಯರ ಮಾತು ಕಲಿಸುವ ಕೆಲಸ ಅದು. ಕೇಂದ್ರ ಸರಕಾರ 2022ರಲ್ಲಿ 'ಭಾಷಿಣಿ' ಯೋಜನೆಯನ್ನು ಆರಂಭಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 'ವಾಣಿ' ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಗಳ ಜನರ ಮಾತನ್ನು ಧ್ವನಿಮುದ್ರಿಸುವ ಕೆಲಸವನ್ನು ಕೈಗೆತ್ತಿಕೊಂಡಿದೆ. ನಾಳೆ ರೈತನು ಮೊಬೈಲಿನಲ್ಲಿ ಬೆಳೆ ವಿಮೆಯ ವಿಷಯ ಕೇಳಿದರೆ ಯಂತ್ರಕ್ಕೆ ಬೆಂಗಳೂರಿನ 'ಬೆಳೆ' ಮಾತ್ರ ತಿಳಿದು ಮಣ್ಣೂರಿನ 'ಬೆಳಿ' ತಿಳಿಯದೆ ಹೋದರೆ ನಷ್ಟ ಯಾರಿಗೆ? ಹಿಂದೆ ಗ್ರಿಯರ್ಸನ್ನನ ಸಮೀಕ್ಷೆಯಿಂದ ಬಿಟ್ಟುಹೋದವರು ಈಗ ಯಂತ್ರದ ಕಿವಿಯಿಂದಲೂ ಬಿಟ್ಟುಹೋಗಬಾರದು. ಅದನ್ನು ನೋಡಿಕೊಳ್ಳಲು ಆ ಮಾತನ್ನು ಆಡುತ್ತಲೇ ಬೆಳೆದ ಭಾಷಾವಿಜ್ಞಾನಿಗಳು ಬೇಕು.

ಆದರೆ ಕೆಲಸ ಬೇಕಾದಷ್ಟಿದೆ ಎಂದರೂ ಸುಳ್ಳಾದೀತು. ಎಂ.ಎ. ಮಾಡಿ, ಅರ್ಹತಾ ಪರೀಕ್ಷೆಗಳನ್ನು ದಾಟಿ, ಪಿಎಚ್.ಡಿ. ಪಡೆದು, ಸರಕಾರಿ ಪದವಿ ಕಾಲೇಜುಗಳಲ್ಲಿ 'ಅತಿಥಿ' ಎಂಬ ಹೆಸರಿನಲ್ಲಿ ಹತ್ತು ಹದಿನೈದು ವರ್ಷ ದುಡಿಯುತ್ತಿರುವವರು ನಮ್ಮ ಪಕ್ಕದಲ್ಲಿಯೇ ಇದ್ದಾರೆ. ಅತಿಥಿಗೆ ಊಟಕ್ಕೆ ಕರೆಯುವದು ನಮ್ಮ ಪದ್ಧತಿ. ಈ ಅತಿಥಿಗೆ ರಜೆಯ ತಿಂಗಳಲ್ಲಿ ಸಂಬಳವೂ ಇಲ್ಲ, ಬರುವ ವರ್ಷ ಕೆಲಸವಿದೆಯೆಂಬ ಭರವಸೆಯೂ ಇಲ್ಲ. ಅವರು ಚಳಿಯಲ್ಲಿ ಬೀದಿಗೆ ಬಂದು ಧರಣಿ ಕುಳಿತುದನ್ನು ನಾಡು ಕಂಡಿದೆ. ಖಾಲಿ ಹುದ್ದೆಗಳನ್ನು ತುಂಬದೆ ವಿದ್ಯಾವಂತರನ್ನು ದಿನಗೂಲಿಯವರಂತೆ ನಡೆಸಿಕೊಳ್ಳುವ ಸರಕಾರ, ಮಕ್ಕಳು ಕನ್ನಡ ಓದುವದಿಲ್ಲವೆಂದು ನವೆಂಬರ್ ತಿಂಗಳಲ್ಲಿ ಕಣ್ಣೀರಿಡುವದು ನಾಚಿಕೆಗೇಡು. ಓದಿದವರಿಗೆ ರೊಟ್ಟಿ ಇಲ್ಲದಿದ್ದರೆ ತಪ್ಪು ಓದಿನದಲ್ಲ. ಅದು ಹುದ್ದೆಯನ್ನು ತಡೆದಿಟ್ಟವರದು.

ಈಗ ಕಡಗಂಚಿಗೆ ಬರೋಣ. 2009ರಲ್ಲಿ ಕರ್ನಾಟಕಕ್ಕೆ ಕೇಂದ್ರೀಯ ವಿಶ್ವವಿದ್ಯಾಲಯ ಮಂಜೂರಾಗಿ, ಅದು ನಮ್ಮ ಆಳಂದ ತಾಲೂಕಿನ ಕಡಗಂಚಿಯಲ್ಲಿ ನೆಲೆಯೂರಿತು. ಕಲಬುರಗಿಯಿಂದ ಆಳಂದದ ದಾರಿಯಲ್ಲಿ ಸುಮಾರು 25 ಕಿ.ಮೀ. ಹೋದರೆ ಆರುನೂರು ಎಕರೆಗೂ ಮೀರಿದ ಅದರ ಆವರಣ ಕಾಣುತ್ತದೆ. ಕನ್ನಡ, ಇಂಗ್ಲಿಷ್, ಹಿಂದಿ ವಿಭಾಗಗಳ ಜೊತೆಗೆ ಭಾಷಾವಿಜ್ಞಾನ ವಿಭಾಗವೂ ಅಲ್ಲಿದೆ. ಒಂದು ಕಾಲಕ್ಕೆ ಈ ವಿದ್ಯೆಗಾಗಿ ಪುಣೆಗೆ ಹೋಗಬೇಕಾಗಿತ್ತು. ಈಗ ಅದು ನಮ್ಮ ತೊಗರಿ ಹೊಲಗಳ ನಡುವೆ ಬಂದು ನಿಂತಿದೆ. ಇದು ಸಣ್ಣ ಮಾತಲ್ಲ, ನಾವು ಸಂತೋಷಪಡಬೇಕಾದ ಮಾತು. 2023ರ ಜೂನ್ ತಿಂಗಳಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೀಟಿಲ್ಲ. ಮಣ್ಣೂರಿನ ಹುಡುಗಿ ಕಾಸಿಲ್ಲದೆ ವಿಶ್ವವಿದ್ಯಾಲಯದ ಬಾಗಿಲ ತನಕ ಬರಬಲ್ಲಳು.

ಆದರೆ ಬಾಗಿಲ ತನಕ ಬರುವದು ಬೇರೆ, ಒಳಗೆ ಹೋಗುವದು ಬೇರೆ. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ಇಡೀ ದೇಶಕ್ಕೆ ಒಂದೇ ಪರೀಕ್ಷೆ, ಸಿ.ಯು.ಇ.ಟಿ. ಅರ್ಜಿ ಗಣಕಯಂತ್ರದಲ್ಲಿ, ಪರೀಕ್ಷೆ ಗಣಕಯಂತ್ರದಲ್ಲಿ. ಎಂ.ಎ. ಪ್ರವೇಶದ ಭಾಷಾವಿಜ್ಞಾನದ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಸಿಗುವದಿಲ್ಲ. ಕನ್ನಡದಲ್ಲಿಯೇ ಬಿ.ಎ. ಮಾಡಿದ ಹುಡುಗಿ ಭಾಷೆಯನ್ನು ಕುರಿತ ವಿದ್ಯೆಗೆ ಹೋಗಬೇಕಾದರೆ ಮೊದಲು ತನ್ನ ಭಾಷೆಯನ್ನು ಹೊರಗೆ ಬಿಟ್ಟು ಬರಬೇಕು! ಎಲ್ಲ ಭಾಷೆಗಳೂ ಸಮಾನವೆಂದು ಮೊದಲ ತರಗತಿಯಲ್ಲಿ ಬೋಧಿಸುವ ವಿಭಾಗದ ಬಾಗಿಲಲ್ಲಿಯೇ ಈ ಅಸಮಾನತೆ ಕಾವಲು ನಿಂತಿದೆ.

ನಮ್ಮ ಮಾತನ್ನು ಯಾರೂ ತಪ್ಪು ತಿಳಿಯಬಾರದು. ಕೇರಳದಿಂದ, ಬಿಹಾರದಿಂದ, ಈಶಾನ್ಯದ ಗುಡ್ಡಗಾಡಿನಿಂದ ಕಡಗಂಚಿಗೆ ಓದಲು ಬರುವ ಮಕ್ಕಳಿಗೆ ನಮ್ಮ ಸ್ವಾಗತವಿದೆ. ಅವರೂ ಬಡವರ ಮಕ್ಕಳೇ, ಅವರೂ ತಮ್ಮ ಊರ ಮಾತಿಗೆ ನಗಿಸಿಕೊಂಡವರೇ. ಹೊರಗಿನವರನ್ನು ಅಟ್ಟಿರೆಂಬ ಕೂಗು ಸಮಾಜವಾದಿಗಳ ಕೂಗಲ್ಲ. ನಾವು ಕೇಳುವದು ಸಮನಾದ ಮೆಟ್ಟಿಲು ಮಾತ್ರ. ಈ ಸೀಮೆ ಹಿಂದುಳಿದಿದೆಯೆಂದು ಒಪ್ಪಿಕೊಂಡೇ ಸಂವಿಧಾನಕ್ಕೆ 2012ರ ತಿದ್ದುಪಡಿಯಿಂದ 371 (ಜೆ) ಅನುಚ್ಛೇದವನ್ನು ಸೇರಿಸಲಾಯಿತು. ಅದರ ಆಶಯವನ್ನು ಕಡಗಂಚಿಯ ಬೇಲಿಯ ಹೊರಗೇ ನಿಲ್ಲಿಸುವದು ಸರಿಯಲ್ಲ.

ಕನ್ನಡದಲ್ಲಿ ಈ ವಿದ್ಯೆಯನ್ನು ಹೇಳಲು ಬರುವದಿಲ್ಲವೆಂದು ಕೆಲವರು ಹೇಳುತ್ತಾರೆ. ಇದು ಸೋಮಾರಿಗಳ ನೆವ. ಚಿದಾನಂದಮೂರ್ತಿಯವರು 'ಭಾಷಾವಿಜ್ಞಾನದ ಮೂಲತತ್ವಗಳು' ಎಂಬ ಪುಸ್ತಕ ಬರೆದು ದಶಕಗಳೇ ಕಳೆದಿವೆ. ಡಿ. ಎನ್. ಶಂಕರ ಭಟ್ಟರು ಸಂಸ್ಕೃತದ ಅಚ್ಚಿನಲ್ಲಿ ಎರಕ ಹೊಯ್ಯದೆ ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿ, ಆ ವ್ಯಾಕರಣವನ್ನು ಕನ್ನಡದಲ್ಲಿಯೇ ಬರೆದು ತೋರಿಸಿದ್ದಾರೆ. ಅವರ ಎಲ್ಲ ಅಭಿಪ್ರಾಯಗಳನ್ನು ಒಪ್ಪಬೇಕೆಂದಿಲ್ಲ. ಕನ್ನಡದಲ್ಲಿ ಆಗುವದೋ ಇಲ್ಲವೋ ಎಂಬ ಸಂಶಯಕ್ಕಾದರೂ ಇನ್ನು ಎಡೆಯಿಲ್ಲ. ಇಂಗ್ಲಿಷು ಕಲಿಯಬಾರದೆಂದೂ ನಾವು ಹೇಳುವದಿಲ್ಲ. ಲೋಕದ ಗ್ರಂಥಗಳನ್ನು ಓದಲು ಅದು ಬೇಕು. ಕಿಟಕಿಯಾಗಿ ಇರಲಿ, ಅಗಳಿಯಾಗಿ ಬೇಡ.

ಆದುದರಿಂದ ವಿಶ್ವವಿದ್ಯಾಲಯಗಳ ಮತ್ತು ಸರಕಾರಗಳ ಮುಂದೆ ನಾವು ಕೆಲವು ಬೇಡಿಕೆಗಳನ್ನು ಇಡಬಯಸುತ್ತೇವೆ.

ಒಂದನೆಯದಾಗಿ, ಎಂ.ಎ. ಪ್ರವೇಶದ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಲು ಅವಕಾಶವಿರಬೇಕು. ಅಫಜಲಪುರ, ಆಳಂದ, ಜೇವರ್ಗಿಯ ಸರಕಾರಿ ಕಾಲೇಜುಗಳಲ್ಲಿ ಅರ್ಜಿ ತುಂಬಿಸಿಕೊಡುವ, ಪರೀಕ್ಷೆಗೆ ಅಣಿಮಾಡುವ ಏರ್ಪಾಡು ವರ್ಷವರ್ಷವೂ ನಡೆಯಬೇಕು. ಇದು ಯಾರದೋ ದಯೆಯ ಮೇಲೆ ನಿಲ್ಲಬಾರದು.

ಎರಡನೆಯದಾಗಿ, ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಆರು ತಿಂಗಳು ಇಂಗ್ಲಿಷಿನ ಸೇತುವೆ ಪಾಠಗಳಿರಬೇಕು. ಉತ್ತರವನ್ನು ಕನ್ನಡದಲ್ಲಿ ಬರೆಯುವ ಹಕ್ಕು ಇರಬೇಕು. ಬಡ ಹೆಣ್ಣುಮಕ್ಕಳಿಗೆ ವಸತಿಗೃಹದಲ್ಲಿ ಜಾಗ ಖಾತ್ರಿಯಾಗಬೇಕು. ಮಣ್ಣೂರಿನಿಂದ ದಿನವೂ ಹೋಗಿ ಬರುವ ದೂರವಲ್ಲ ಅದು.

ಮೂರನೆಯದಾಗಿ, ಕಡಗಂಚಿಯ ಭಾಷಾವಿಜ್ಞಾನ ವಿಭಾಗವೂ ಗುಲಬರ್ಗಾ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯೂ ಕೈಗೂಡಿಸಿ ಭೀಮಾತೀರದ ಹಳ್ಳಿಗಳ ಮಾತು ಮತ್ತು ಹಾಡುಗಳ ಸಂಗ್ರಹಾಲಯವೊಂದನ್ನು ಕಟ್ಟಬೇಕು. ಹಂತಿಯ ಪದ, ಮೊಹರಮ್ಮಿನ ಪದ, ಬೀಸುವ ಪದ, ತತ್ವಪದ, ಒಕ್ಕಲುತನದ ಶಬ್ದಗಳು, ಗಡಿಯ ಮರಾಠಿ, ಓಣಿಯ ದಖನಿ ಉರ್ದು, ತಾಂಡೆಗಳ ಲಂಬಾಣಿ, ಎಲ್ಲವೂ ಅದರಲ್ಲಿ ಸೇರಬೇಕು. ಈಗ ರಾಶಿಯನ್ನು ಯಂತ್ರ ಮಾಡುತ್ತದೆ, ಹಂತಿ ಹೊಡೆಯುವವರಿಲ್ಲ. ಹಂತಿಯ ಪದ ಬಲ್ಲ ಮುದುಕರು ಹಳ್ಳಿಗೆ ಒಬ್ಬಿಬ್ಬರು ಉಳಿದಿದ್ದಾರೆ. ಅವರು ಹೋದ ಮೇಲೆ ಯಾವ ಅನುದಾನವೂ ಆ ಹಾಡನ್ನು ತಿರುಗಿ ತರಲಾರದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷವರ್ಷವೂ ಸಾವಿರಾರು ಕೋಟಿ ರೂಪಾಯಿ ದೊರೆಯುತ್ತದೆ. ರಸ್ತೆ, ಗಟಾರು, ಸಮುದಾಯ ಭವನಗಳ ಜೊತೆಗೆ ಇದಕ್ಕೂ ಒಂದು ಪಾಲು ಸಿಗಲಿ. ಹಾಡು ಕೊಟ್ಟವರಿಗೂ ಮಾತು ಕೊಟ್ಟವರಿಗೂ ಅವರ ಹೊತ್ತಿನ ಕೂಲಿ ಸಿಗಲಿ. ಸಂಗ್ರಹವಾದದ್ದರ ಪ್ರತಿ ಆಯಾ ಹಳ್ಳಿಯ ಗ್ರಂಥಾಲಯಕ್ಕೆ ಬರಲಿ. 1968ರ ಪುಸ್ತಕದಂತೆ ನಮ್ಮ ಮಾತು ನಮಗೇ ತಿಳಿಯದ ಭಾಷೆಯಲ್ಲಿ ದೂರದ ಕಪಾಟಿನಲ್ಲಿ ಕೂಡುವದು ಇನ್ನು ಸಾಕು.

ನಾಲ್ಕನೆಯದಾಗಿ, ಸರಕಾರಿ ಕಾಲೇಜುಗಳ ಖಾಲಿ ಹುದ್ದೆಗಳನ್ನು ಕಾಯಂ ನೇಮಕದಿಂದ ತುಂಬಬೇಕು. ಶಿಕ್ಷಕರ ತರಬೇತಿಯಲ್ಲಿ ಭಾಷಾವಿಜ್ಞಾನದ ಮೊದಲ ಪಾಠಗಳನ್ನು ಸೇರಿಸಬೇಕು. 'ಮನಿ' ಎಂದ ಮಗುವಿಗೆ "ಅದು ಮನೆಯ ಮಾತು, ಚೆಂದದ ಮಾತು, ಪುಸ್ತಕದಲ್ಲಿ 'ಮನೆ' ಎಂದು ಬರೆಯುತ್ತಾರೆ, ಎರಡನ್ನೂ ಕಲಿ" ಎಂದು ಹೇಳಬಲ್ಲ ಗುರುಗಳು ಒಂದೊಂದು ಸಾಲೆಗೆ ಒಬ್ಬರಾದರೂ ಬಂದರೆ ಸಾವಿರಾರು ಮಕ್ಕಳ ನಾಲಗೆಯ ಮೇಲಿನ ಅಂಜಿಕೆ ಇಳಿದೀತು.

ಇವುಗಳಲ್ಲಿ ಯಾವದೂ ಆಗದ ಹೋಗದ ಬೇಡಿಕೆಯಲ್ಲ. ಇವುಗಳಿಗೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಮನಸ್ಸು. ಮತ್ತು ಸರಕಾರದ ಮನಸ್ಸು ತಾನಾಗಿ ತಿರುಗಿದ್ದನ್ನು ಈ ಸೀಮೆ ಎಂದೂ ಕಂಡಿಲ್ಲ. ಕಲಬುರಗಿಗೆ ವಿಶ್ವವಿದ್ಯಾಲಯ ಕೇಳದೆ ಬರಲಿಲ್ಲ. 371 (ಜೆ) ಹೋರಾಡದೆ ಬರಲಿಲ್ಲ. ವಿದ್ಯಾರ್ಥಿ ಸಂಘಗಳು, ರೈತ ಸಂಘಗಳು, ಗ್ರಾಮ ಪಂಚಾಯತಿಗಳು ಈ ಬೇಡಿಕೆಗಳನ್ನು ಠರಾವಿನ ರೂಪದಲ್ಲಿ ಕಡಗಂಚಿಗೂ ಬೆಂಗಳೂರಿಗೂ ದಿಲ್ಲಿಗೂ ಕಳಿಸಬೇಕೆಂದು ನಾವು ಕೇಳಿಕೊಳ್ಳುತ್ತೇವೆ.

ಮಣ್ಣೂರಿನ ಗೆಳೆಯರಿಗೆ ನಾವು ಹೇಳುವದಿಷ್ಟು. ನಿಮ್ಮ ಮಗಳು ಮಾತಾಡಲು ಕಲಿಯಲಿಕ್ಕೆ ಹೊರಟಿಲ್ಲ. ಅದನ್ನು ನೀವೂ ಅವರ ಅವ್ವನೂ ಆಗಲೇ ಕಲಿಸಿದ್ದೀರಿ, ಚೆನ್ನಾಗಿಯೇ ಕಲಿಸಿದ್ದೀರಿ. ನೀವು ಕಲಿಸಿದ್ದು ತಪ್ಪಲ್ಲವೆಂದು ತಿಳಿದವರ ಮುಂದೆ ಸಾಧಿಸಿ ತೋರಿಸುವದನ್ನು ಕಲಿಯಲು ಅವಳು ಹೊರಟಿದ್ದಾಳೆ. ಅಂದು ನಕ್ಕುದಕ್ಕೆ ನಮ್ಮನ್ನು ಕ್ಷಮಿಸಬೇಕು. ಅರ್ಜಿಯನ್ನು ನಮ್ಮ ಕಚೇರಿಯ ತರುಣರು ತುಂಬಿ ಕಳಿಸಿದ್ದಾರೆ. ಪರೀಕ್ಷೆ ಅವಳು ಬರೆಯುತ್ತಾಳೆ. ಅವಳಂಥವರಿಗಾಗಿ ಬಾಗಿಲನ್ನು ಅಗಲ ಮಾಡುವ ಕೆಲಸ ನಮ್ಮೆಲ್ಲರದು.